ಜಾಫರನಿಗೆ ಮಾತ್ರ ಯಾಕೆ ಗಡ್ಡ?

ರಜೆಯಲ್ಲಿ ಭಟ್ಕಳದ ನೆಂಟರ ಮನೆಗೆ ಹೋಗಿದ್ದೆ. ಹೊನ್ನಾವರ, ಕುಮಟಾದಿಂದ ಬಂದಿದ್ದ ಮಕ್ಕಳೆಲ್ಲ ಸೇರಿ ಡಿಸ್ನಿಯವರ 'ಅಲ್ಲಾದಿನ್' ಕಾರ್ಟೂನ್ ಚಿತ್ರ ನೋಡುತ್ತಿದ್ದರು. ಚಿತ್ರ ಮುಗಿದಾಗ ಏಳು ವರ್ಷದ ಹುಡುಗಿ ಕೇಳಿದಳು: "ಆಪಾ, ಕೆಟ್ಟವನಾದ ಜಾಫರನಿಗೆ ಯಾಕೆ ಗಡ್ಡ? ನಮ್ಮ ಅಬ್ಬಾನಿಗೂ ಇದೆಯಲ್ಲ!" ಅವಳ ತಂದೆ ಕೊಲ್ಲಿಯಲ್ಲಿ ದುಡಿಯುವವರು. ಸುಲ್ತಾನನಿಗೂ ಗಡ್ಡವಿದೆ ಎನ್ನೋಣವೆಂದರೆ, ಅವನು ಪೆದ್ದ!

1992ರ ಈ ಚಿತ್ರ ಕೆಟ್ಟದ್ದೆಂದು ನಾನು ಹೇಳಲಾರೆ. ಮುಖವೂ ಮಾತೂ ಇಲ್ಲದ ಹಾರುವ ಚಾಪೆ ತನ್ನ ಕುಚ್ಚುಗಳಿಂದಲೇ ನಗುತ್ತದೆ, ಮುನಿಸಿಕೊಳ್ಳುತ್ತದೆ. ಅಲ್ಲಾದಿನ್ ತನ್ನ ಕೊನೆಯ ಬೇಡಿಕೆಯನ್ನು ಜಿನ್ನ್‌ನ ಬಿಡುಗಡೆಗಾಗಿ ಬಳಸುತ್ತಾನೆ. ಕೊಟ್ಟ ಮಾತು ಉಳಿಸಿಕೊಳ್ಳುವ ಪಾಠ ಮಕ್ಕಳಿಗೆ ಬೇರೆ ಹೇಳಬೇಕಿಲ್ಲ. ತನ್ನನ್ನು ಕೇಳದೆ ಮದುವೆ ನಿಶ್ಚಯಿಸುವುದನ್ನು ಜಾಸ್ಮಿನ್ ಒಪ್ಪುವುದಿಲ್ಲ. ಇದನ್ನು ಪಾಶ್ಚಾತ್ಯರ ಕೊಡುಗೆ ಎಂದುಕೊಳ್ಳುವ ತಾಯಂದಿರು ಖನ್ಸಾ ಬಿಂತ್ ಖಿದಾಮ್(ರ)ರನ್ನು ನೆನೆಯಬೇಕು. ಒಪ್ಪಿಗೆಯಿಲ್ಲದೆ ತಂದೆ ಮಾಡಿಸಿದ ಅವರ ನಿಕಾಹನ್ನು ಪ್ರವಾದಿ(ಸ)ಯವರು ರದ್ದುಪಡಿಸಿದ ಘಟನೆ ಬುಖಾರಿಯಲ್ಲಿದೆ. (ಜಾಸ್ಮಿನ್‌ಳ ಉಡುಪಿನ ಬಗ್ಗೆ ಹೇಳದಿರುವುದೇ ಲೇಸು.)

ನನ್ನ ತಕರಾರು ಸಂತೆಯ ದೃಶ್ಯದ ಬಗ್ಗೆ. ಹಸಿದ ಮಗುವಿಗೆ ಸೇಬು ಕೊಟ್ಟಳೆಂದು ವ್ಯಾಪಾರಿ ಜಾಸ್ಮಿನ್‌ಳ ಕೈ ಕತ್ತರಿಸಲು ಹೊರಡುತ್ತಾನೆ. ಇದೇ ಅರಬರ ನ್ಯಾಯವೆಂದು ಮಗು ಕಲಿಯುತ್ತದೆ. ಬರಗಾಲದಲ್ಲಿ ಹಸಿದು ಕದ್ದವರಿಗೆ ಖಲೀಫಾ ಉಮರ್(ರ) ಈ ಶಿಕ್ಷೆಯನ್ನೇ ತಡೆಹಿಡಿದಿದ್ದರೆಂದು ಅದಕ್ಕೆ ಯಾರು ಹೇಳುತ್ತಾರೆ?

ಆರಂಭದ ಹಾಡಿನಲ್ಲಿ ಅರಬರ ನಾಡು ಕಿವಿ ಕತ್ತರಿಸುವ ಅನಾಗರಿಕ ನಾಡಾಗಿತ್ತು. ಅಮೆರಿಕದ ಅರಬರು ಪ್ರತಿಭಟಿಸಿದ ಮೇಲೆ, 1993ರ ವೀಡಿಯೊದಲ್ಲಿ ಕಿವಿಯ ಮಾತು ಹೋಯಿತು. 'ಅನಾಗರಿಕ' ಎಂಬುದು ಉಳಿಯಿತು. ಅದನ್ನು ಕೈಬಿಟ್ಟದ್ದು 2019ರಲ್ಲಿ ನಟರನ್ನಿಟ್ಟು ತೆಗೆದ ಹೊಸ ಚಿತ್ರದಲ್ಲಿ. ಇಷ್ಟಕ್ಕೆ 27 ವರ್ಷ!

ತಮಾಷೆಯೆಂದರೆ, ಈ ಕತೆ 'ಸಾವಿರದೊಂದು ರಾತ್ರಿ'ಗಳ ಹಳೆಯ ಅರಬಿ ಹಸ್ತಪ್ರತಿಗಳಲ್ಲಿ ಇಲ್ಲ. ಅಲೆಪ್ಪೊದ ಕ್ರೈಸ್ತ ಯುವಕ ಹನ್ನಾ ದಿಯಾಬ್ 1709ರಲ್ಲಿ ಪ್ಯಾರಿಸ್‌ನಲ್ಲಿ ಹೇಳಿದ್ದನ್ನು ಫ್ರೆಂಚ್ ವಿದ್ವಾಂಸ ಗಾಲಾನ್ ತನ್ನ ಅನುವಾದಕ್ಕೆ ಸೇರಿಸಿದ. ಅದರಲ್ಲಿ ಕತೆ ನಡೆಯುವುದು ಚೀನಾದಲ್ಲಿ! ಚಿತ್ರದ ಅರಮನೆಗೆ ನಮ್ಮ ತಾಜ್‌ಮಹಲಿನ ಗುಮ್ಮಟ.

"ಕಾರ್ಟೂನ್ ತಾನೇ, ಬಿಡಿ ಆಪಾ" ಎಂದರು ಹುಡುಗಿಯ ತಾಯಿ. ಬಿಡಲಾಗಲಿಲ್ಲ. ಟಿವಿ ಆರಿಸಲೂ ಹೇಳಲಿಲ್ಲ. ಮರುದಿನ ಮಕ್ಕಳ ಜೊತೆ ಮತ್ತೆ ಕುಳಿತು, ಸೇಬಿನ ದೃಶ್ಯ ಬಂದಾಗ ಚಿತ್ರ ನಿಲ್ಲಿಸಿ ಉಮರ್(ರ)ರ ಬರಗಾಲದ ಕತೆ ಹೇಳಿದೆ. ಗಡ್ಡದ ಪ್ರಶ್ನೆಗೆ ಹುಡುಗಿಯೇ ದಾರಿ ಕಂಡುಕೊಂಡಳು. ರಾತ್ರಿ ಅಬ್ಬಾನ ಫೋನ್ ಬಂದಾಗ ಮೊದಲು ಕೇಳಿದ್ದು: "ಅಬ್ಬಾ, ನಿಮ್ಮ ಹತ್ತಿರ ಹಾರುವ ಚಾಪೆ ಇದೆಯಾ?"