ಸೇವೆಗೆ ಹೊರಡುವ ಮುನ್ನ: ಇಲಿಜ್ವರದ ಬಗ್ಗೆ ಎಚ್ಚರ



ನೆರೆ ಬಂದ ಊರಿಗೆ, ಗುಡ್ಡ ಕುಸಿದ ಊರಿಗೆ ಸೇವೆಗೆಂದು ಹೊರಡುವುದರಲ್ಲಿ ನಮ್ಮ ಧರ್ಮಕೇಂದ್ರದ ಯುವಜನರು ಎಂದೂ ಹಿಂದೆ ಬಿದ್ದವರಲ್ಲ. 2018ರ ಆಗಸ್ಟ್‌ನಲ್ಲಿ ಕೇರಳದಲ್ಲಿ ಮಹಾಪ್ರಳಯವಾಗಿ ನಾಲ್ಕುನೂರಕ್ಕೂ ಹೆಚ್ಚು ಜನ ತೀರಿಕೊಂಡರು. 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲ ಊರುಗಳು ಮಣ್ಣಿನಡಿಯಾದವು. ಇಂತಹ ಹೊತ್ತಿನಲ್ಲಿ ಮನೆಯಲ್ಲಿ ಕೂರಲು ಮನಸ್ಸು ಬಾರದಿರುವುದು ಒಳ್ಳೆಯ ಲಕ್ಷಣವೇ ಸರಿ. ಆದರೆ ಸಿದ್ಧತೆಯಿಲ್ಲದ ಸೇವೆಯಿಂದ ಏನಾಗಬಹುದೆಂಬುದನ್ನು ನಾವು ಅನುಭವದಿಂದಲೇ ಕಲಿತೆವು.

2018ರಲ್ಲಿ ಯುವಸಂಘದವರು ಮತ್ತು ಕೆಲವು ಹಿರಿಯರೊಡನೆ ನಾವೂ ಹೊರಟಿದ್ದೆವು. ಅಕ್ಕಿ, ಹಾರೆ, ಬುಟ್ಟಿ, ಪೊರಕೆ ಎಲ್ಲವೂ ಇದ್ದವು. ಬಲಿಪೂಜೆ ಅರ್ಪಿಸಿಯೇ ಜೀಪು ಹತ್ತಿದೆವು. ಕಾಲಿಗೆ ಬೂಟು, ಕೈಗೆ ಗವಸು, ರೋಗ ತಡೆಯುವ ಮಾತ್ರೆ ಇವು ಮಾತ್ರ ಯಾರಿಗೂ ನೆನಪಾಗಲಿಲ್ಲ. ಬರಿಗಾಲಲ್ಲೇ ಮೊಣಕಾಲುದ್ದದ ಕೆಸರಿಗೆ ಇಳಿದೆವು.

ಮರಳಿದ ಹತ್ತನೆಯ ದಿನ ಒಬ್ಬ ತರುಣನಿಗೆ ಜ್ವರ ಬಂತು. ದಣಿವಿನ ಜ್ವರ, ಕಷಾಯ ಕುಡಿದು ಮಲಗು ಎಂದವರಲ್ಲಿ ನಾವೂ ಇದ್ದೆವು. ನಾಲ್ಕನೆಯ ದಿನ ಕಣ್ಣು ಕೆಂಪಾಯಿತು, ಮೀನಖಂಡ ಮುಟ್ಟಿದರೆ ಚೀರುವಷ್ಟು ನೋವು, ಮೂತ್ರವೂ ಕಡಿಮೆಯಾಯಿತು. ಆಸ್ಪತ್ರೆಯಲ್ಲಿ ಇಲಿಜ್ವರವೆಂದು ತಿಳಿಯಿತು. ಎರಡು ವಾರ ಮಲಗಿ, ದೇವರ ದಯೆಯಿಂದ ಬದುಕಿಕೊಂಡ. "ಫಾದರ್, ನೀವು ಕರೆದಿರಿ ಅಂತ ಕಳಿಸಿದೆ," ಎಂದು ಅವನ ತಾಯಿ ಆಸ್ಪತ್ರೆಯ ಜಗಲಿಯಲ್ಲಿ ಹೇಳಿದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಆದರೂ ಅದನ್ನು ನಾವು ಮರೆತಿಲ್ಲ.

ಇಲಿಜ್ವರವು ಲೆಪ್ಟೊಸ್ಪೈರ ಎಂಬ ರೋಗಾಣುವಿನಿಂದ ಬರುತ್ತದೆ. ಇಲಿ, ದನ, ನಾಯಿ, ಹಂದಿಗಳ ಮೂತ್ರದಿಂದ ಅದು ನೀರು ಮತ್ತು ಕೆಸರನ್ನು ಸೇರುತ್ತದೆ. ಕಾಲಿನ ಸಣ್ಣ ಗಾಯ, ಬಿರುಕು, ಕಣ್ಣು, ಮೂಗು, ಬಾಯಿಗಳ ಮೂಲಕ ದೇಹವನ್ನು ಹೊಗುತ್ತದೆ. ಜ್ವರ ಕಾಣಿಸಲು ಸಾಮಾನ್ಯವಾಗಿ 5ರಿಂದ 14 ದಿನ ಬೇಕು. ಆದುದರಿಂದ ಸೇವೆಗೂ ಜ್ವರಕ್ಕೂ ಇರುವ ಸಂಬಂಧ ನಮಗೆ ಹೊಳೆಯುವುದಿಲ್ಲ. ತಡಮಾಡಿದರೆ ಮೂತ್ರಪಿಂಡ, ಯಕೃತ್ತು, ಶ್ವಾಸಕೋಶಗಳು ಕೆಡುತ್ತವೆ. ಬೇಗನೆ ಮದ್ದು ಸಿಕ್ಕರೆ ಗುಣವಾಗುವ ರೋಗವಿದು.

ಹೊರಡುವವರು ಮೊದಲು ಆರೋಗ್ಯ ಕೇಂದ್ರಕ್ಕೆ ಹೋಗಿ ವೈದ್ಯರನ್ನು ಕಾಣಬೇಕು. ನೆರೆನೀರಿನಲ್ಲಿ ಕೆಲಸ ಮಾಡುವ ವಯಸ್ಕರಿಗೆ ವಾರಕ್ಕೊಮ್ಮೆ 200 ಮಿ.ಗ್ರಾಂ. ಡಾಕ್ಸಿಸೈಕ್ಲಿನ್, ಅಂದರೆ 100 ಮಿ.ಗ್ರಾಂನ ಎರಡು ಮಾತ್ರೆ ಕೊಡುತ್ತಾರೆ. ಊಟದ ನಂತರ, ಸಾಕಷ್ಟು ನೀರಿನೊಡನೆ ನುಂಗಬೇಕು. ಗರ್ಭಿಣಿಯರಿಗೂ ಸಣ್ಣ ಮಕ್ಕಳಿಗೂ ಈ ಮಾತ್ರೆ ಸಲ್ಲದು, ಅವರಿಗೆ ಬೇರೆ ಮದ್ದಿದೆ. ಮಾತ್ರೆ ನುಂಗಿದೆವೆಂದು ಬೂಟು, ಗವಸು ಬಿಡಬಾರದು. ಗಾಯವಿದ್ದವರು ಕೆಸರಿಗಿಳಿಯದೆ ಅಡುಗೆ, ಹಂಚಿಕೆಯ ಕೆಲಸಕ್ಕೆ ನಿಲ್ಲಲಿ. ಮರಳಿದ ಮೇಲೆ ಜ್ವರ ಬಂದರೆ, ನೆರೆನೀರಿಗೆ ಇಳಿದಿದ್ದೆ ಎಂದು ವೈದ್ಯರಿಗೆ ಮೊದಲೇ ಹೇಳಬೇಕು.

ಅಲ್ಲಿ ಬಾವಿ ಶುದ್ಧಮಾಡುವ ಕೆಲಸವೂ ನಮ್ಮ ಪಾಲಿಗೆ ಬರುತ್ತದೆ. ನೆರೆನೀರು ನುಗ್ಗಿದ ಬಾವಿಗೆ 1,000 ಲೀಟರಿಗೆ 5 ಗ್ರಾಂನಂತೆ ಬ್ಲೀಚಿಂಗ್ ಪೌಡರ್ ಬೇಕು. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದಲೂ 785ರಿಂದಲೂ ಗುಣಿಸಿದರೆ ಲೀಟರಿನ ಲೆಕ್ಕ ಸಿಗುತ್ತದೆ. 2 ಮೀಟರ್ ಅಗಲ, 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್. ಪುಡಿ 47 ಗ್ರಾಂ. ಪುಡಿಯನ್ನು ಬಾಲ್ದಿಯಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಬೆರೆಸಿ, ಒಂದು ಗಂಟೆ ಬಿಡಬೇಕು. ಮತ್ತೆ ಕುದಿಸಿಯೇ ಕುಡಿಯುವುದು ಲೇಸು.

ಸೇವೆಗೆ ಹೋಗದವರೂ ಇದನ್ನು ನೆನಪಿಡಬೇಕು. ಅಡಿಕೆ ತೋಟದ ತೋಡು, ಗದ್ದೆಯ ಕೆಸರು, ದನದ ಹಟ್ಟಿ ಇಲ್ಲೆಲ್ಲ ಇದೇ ಅಪಾಯವಿದೆ. ಇಲಿಜ್ವರ ಮೊದಲಿನಿಂದಲೂ ರೈತನ ರೋಗ.

ಸಂತ ಲೂಕನ ಶುಭಸಂದೇಶದ ಸಮಾರಿತನನ್ನು ನೆನೆಯೋಣ. ಅವನು ಬರಿಗೈಯಲ್ಲಿ ಬಂದವನಲ್ಲ. ಎಣ್ಣೆ, ದ್ರಾಕ್ಷಾರಸ ಅವನ ಬಳಿ ಇದ್ದವು. ಗಾಯಗೊಂಡವನ ಮುಂದಿನ ಆರೈಕೆಗೂ ಹಣ ಕೊಟ್ಟು ಹೋದನು. ಕರುಣೆಯೊಡನೆ ಸಿದ್ಧತೆಯೂ ಅವನಲ್ಲಿತ್ತು. ಮುಂದಿನ ಬಾರಿ ನಮ್ಮ ಜೀಪು ಹೊರಡುವಾಗ ಬಲಿಪೂಜೆಯ ನಂತರ ಬೂಟು, ಗವಸು, ಮಾತ್ರೆಗಳ ಲೆಕ್ಕ ನೋಡಿಯೇ ಹೊರಡೋಣ. ತಾಯಂದಿರು ನಮ್ಮನ್ನು ನಂಬಿ ಮಕ್ಕಳನ್ನು ಕಳಿಸುತ್ತಾರೆ.