ಬೆವರುತಡೆ ಬಿಟ್ಟು ‘ನೈಸರ್ಗಿಕ’ಕ್ಕೆ: ಬದಲಾಗುವುದೆಷ್ಟು, ಖರ್ಚೆಷ್ಟು

ಕಂಕುಳಿಗೆ ಹಚ್ಚುವ ಆಂಟಿಪರ್ಸ್ಪಿರಂಟ್, ಅಂದರೆ ಬೆವರುತಡೆ, ಅಲ್ಯುಮಿನಿಯಂ ಲವಣದಿಂದ ಬೆವರುನಾಳದ ಬಾಯಿ ಮುಚ್ಚುತ್ತದೆ. ಡಿಯೋಡರೆಂಟ್ ವಾಸನೆಯನ್ನಷ್ಟೇ ತಗ್ಗಿಸುತ್ತದೆ. ಬೆವರುತಡೆ ಎಂದು ಮಾರಬೇಕಾದರೆ, ಬಳಸುವವರಲ್ಲಿ ಕನಿಷ್ಠ ಅರ್ಧದಷ್ಟು ಜನರಿಗೆ ಬೆವರು ಶೇ 20ರಷ್ಟು ಇಳಿಯಬೇಕು ಎಂಬುದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮಾನದಂಡ. ‘ಹೆಚ್ಚು ಪರಿಣಾಮಕಾರಿ’ ಎಂದು ಬರೆದುಕೊಳ್ಳಲು ಶೇ 30 ಇಳಿಯಬೇಕು. ಬಳಕೆ ನಿಲ್ಲಿಸಿದವರಿಗೆ ಈ ಲೆಕ್ಕ ತಿರುವುಮುರುವಾಗುತ್ತದೆ. 80ಕ್ಕೆ ಇಳಿದಿದ್ದ ಬೆವರು 100ಕ್ಕೆ ಮರಳಿದರೆ ಏರಿಕೆ ಶೇ 25. 70ರಿಂದ 100ಕ್ಕೆ ಬಂದರೆ ಶೇ 43. ಮೊದಲ ವಾರಗಳಲ್ಲಿ ಅಂಗಿ ಒದ್ದೆಯಾಗುವುದನ್ನು ‘ದೇಹದ ವಿಷ ಹೊರಬರುತ್ತಿದೆ’ ಎಂದು ಕೆಲವರು ವಿವರಿಸುತ್ತಾರೆ. ಹೊರಬರುತ್ತಿರುವುದು ನಮ್ಮ ಮಾಮೂಲಿ ಬೆವರು.

ಭಾರತದ ಓದುಗರು ಮೊದಲು ಡಬ್ಬಿಯ ಹಿಂಬದಿ ನೋಡಬೇಕು. ಇಲ್ಲಿ ‘ಡಿಯೋ’ ಎಂದು ಮಾರಾಟವಾಗುವ ಸ್ಪ್ರೇಗಳಲ್ಲಿ ಬಹಳಷ್ಟು ಬರೀ ಸುಗಂಧದವು. ಘಟಕಗಳ ಪಟ್ಟಿಯಲ್ಲಿ ಅಲ್ಯುಮಿನಿಯಂ ಕ್ಲೋರೋಹೈಡ್ರೇಟ್‌ನಂಥ ಯಾವುದೇ ಅಲ್ಯುಮಿನಿಯಂ ಲವಣದ ಹೆಸರಿಲ್ಲದಿದ್ದರೆ ಬಿಡಬೇಕಾದ ಬೆವರುತಡೆಯೇ ಅಲ್ಲಿಲ್ಲ.

ಬದಲಾಯಿಸಲು ಹೆಚ್ಚಿನವರು ಕೊಡುವ ಕಾರಣ ಅಲ್ಯುಮಿನಿಯಂ ಭಯ. ಐರೋಪ್ಯ ಒಕ್ಕೂಟದ ಗ್ರಾಹಕ ಸುರಕ್ಷತಾ ವೈಜ್ಞಾನಿಕ ಸಮಿತಿ 2020ರಲ್ಲಿ, ಸ್ಪ್ರೇ ಅಲ್ಲದ ಲೇಪಗಳಲ್ಲಿ ಶೇ 6.25ರವರೆಗೆ ಅಲ್ಯುಮಿನಿಯಂ ಸುರಕ್ಷಿತ ಎಂದಿತು. ಒಬ್ಬರು ದಿನಕ್ಕೆ 1.5 ಗ್ರಾಂ ಲೇಪ ಹಚ್ಚುತ್ತಾರೆ ಎಂಬುದು ಸಮಿತಿ ಬಳಸುವ ಅಂದಾಜು. ಆಗ ಚರ್ಮದ ಮೇಲೆ ಬೀಳುವ ಅಲ್ಯುಮಿನಿಯಂ ಸುಮಾರು 94 ಮಿಲಿಗ್ರಾಂ. ಅದರಲ್ಲಿ ಚರ್ಮ ದಾಟಿ ಒಳಹೋಗುವುದು ಶೇ 0.00052 ಎಂದು ಸಮಿತಿ ಒಪ್ಪಿಕೊಂಡಿದೆ. ಅಂದರೆ ದಿನಕ್ಕೆ ಅರ್ಧ ಮೈಕ್ರೋಗ್ರಾಂ. ಒಂದು ಮಿಲಿಗ್ರಾಂನಲ್ಲಿ 1,000 ಮೈಕ್ರೋಗ್ರಾಂ.

ಇದನ್ನು ಊಟದ ಜೊತೆ ಹೋಲಿಸಿ ನೋಡಬಹುದು. ಆಹಾರದ ಮೂಲಕ ವಾರಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 1 ಮಿಲಿಗ್ರಾಂ ಅಲ್ಯುಮಿನಿಯಂ ಸಹ್ಯ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2008ರಲ್ಲಿ ನಿಗದಿ ಮಾಡಿತು. 60 ಕಿಲೋ ತೂಗುವವರಿಗೆ ಅದು ದಿನಕ್ಕೆ 8.6 ಮಿಲಿಗ್ರಾಂ. ಕರುಳು ಹೀರುವುದು ಶೇ 0.1 ಎಂದರೂ ರಕ್ತಕ್ಕೆ ಸೇರುವುದು 8.6 ಮೈಕ್ರೋಗ್ರಾಂ, ಕಂಕುಳಿನ ಪಾಲಿನ 17 ಪಟ್ಟು. ಆದರೆ 2001ರ ಒಂದು ಅಧ್ಯಯನ ಚರ್ಮದ ಹೀರಿಕೆಯನ್ನು ಶೇ 0.012 ಎಂದು ಲೆಕ್ಕಹಾಕಿತ್ತು. ಅದು 23 ಪಟ್ಟು ಹೆಚ್ಚು. ಅದರ ಪ್ರಕಾರ ದಿನದ ಪಾಲು 11 ಮೈಕ್ರೋಗ್ರಾಂ ದಾಟುತ್ತದೆ. ಆ ಅಧ್ಯಯನದಲ್ಲಿದ್ದವರು ಇಬ್ಬರೇ. ದಶಕಗಟ್ಟಲೆ ಭಯಕ್ಕೆ ಆಧಾರವಾಗಲು ಇಬ್ಬರು ಸಾಲರು. ಮೂತ್ರಪಿಂಡದ ಕಾಯಿಲೆ ಇರುವವರ ಮಾತು ಬೇರೆ: ಅಲ್ಯುಮಿನಿಯಂ ಹೊರಹಾಕುವುದು ಮೂತ್ರಪಿಂಡವೇ ಆದ್ದರಿಂದ ಅಮೆರಿಕದಲ್ಲಿ ‘ವೈದ್ಯರನ್ನು ಕೇಳಿ’ ಎಂಬ ಎಚ್ಚರಿಕೆ ಡಬ್ಬಿಯ ಮೇಲೆ ಕಡ್ಡಾಯ.

ಅಲ್ಯುಮಿನಿಯಂ ಭಯದ ಇನ್ನೊಂದು ಮುಖ ಸ್ತನ ಕ್ಯಾನ್ಸರ್. ಅದು ಆದ 813 ಮತ್ತು ಆಗದ 793 ಮಹಿಳೆಯರನ್ನು ಹೋಲಿಸಿದ 2002ರ ಅಮೆರಿಕದ ಅಧ್ಯಯನಕ್ಕೆ ಬೆವರುತಡೆಯ ನಂಟು ಕಾಣಲಿಲ್ಲ.

ಗ್ರಂಥಿಗೆ ಅಂಗಡಿಯಲ್ಲಿ ಸಿಗುವ, ಕ್ಷೌರದ ನಂತರ ಗಲ್ಲಕ್ಕೆ ಉಜ್ಜುವ ಪಟಿಕದ ಹರಳೂ ಈಗ ‘ನೈಸರ್ಗಿಕ ಡಿಯೋಡರೆಂಟ್’ ಆಗಿದೆ. ಪಟಿಕ ಎಂದರೆ ಪೊಟ್ಯಾಸಿಯಂ ಅಲ್ಯುಮಿನಿಯಂ ಸಲ್ಫೇಟ್. ಅದರ ಅಣುತೂಕ 474, ಅಲ್ಯುಮಿನಿಯಂ ಪಾಲು 27. ಅಂದರೆ ಶೇ 5.7. ನೀರು ಹಚ್ಚಿ ಉಜ್ಜಿದಾಗ ಚರ್ಮಕ್ಕೆ ಹತ್ತುವುದು ತೆಳು ಪದರವಷ್ಟೇ, ನಿಜ. ಆದರೆ ಅದನ್ನು ‘ಅಲ್ಯುಮಿನಿಯಂ ಇಲ್ಲದ್ದು’ ಎಂದು ಮಾರುವುದು ಸುಳ್ಳು.

ವಾಸನೆಯ ಮೂಲ ಬೆವರಲ್ಲ, ಅದನ್ನು ಒಡೆಯುವ ಬ್ಯಾಕ್ಟೀರಿಯಾ. ಅಮೆರಿಕದಲ್ಲಿ 17 ಜನರ ಕಂಕುಳನ್ನು ಎಂಟು ದಿನ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏನೂ ಹಚ್ಚದವರಲ್ಲಿ ಶೇ 62ರಷ್ಟಿದ್ದದ್ದು ಕೊರಿನೆಬ್ಯಾಕ್ಟೀರಿಯಾ, ಕಂಕುಳಿನ ಗಾಢ ವಾಸನೆಗೆ ಹೆಸರಾದ ಬಗೆ. ಬೆವರುತಡೆ ಬಳಸುತ್ತಿದ್ದವರಲ್ಲಿ ಅದು ಶೇ 14. ಬಳಕೆ ಬಿಟ್ಟ ಕೆಲವೇ ದಿನಗಳಲ್ಲಿ ಇವರ ಕಂಕುಳಲ್ಲೂ ಬ್ಯಾಕ್ಟೀರಿಯಾ ಸಂಖ್ಯೆ ಉಳಿದವರ ಮಟ್ಟಕ್ಕೆ ಏರಿತು. ಮಾದರಿ ಚಿಕ್ಕದು, ಆದರೂ ಬದಲಾವಣೆಯ ದಿನಗಳಲ್ಲಿ ವಾಸನೆ ಏಕೆ ಹೆಚ್ಚುತ್ತದೆಂಬುದಕ್ಕೆ ಇದೊಂದು ಸುಳಿವು.

ಅಡುಗೆ ಸೋಡಾ ಬೆರೆತ ಲೇಪಗಳಿಗೆ ಇನ್ನೊಂದು ಅಂಕಿ ಅನ್ವಯಿಸುತ್ತದೆ. ಚರ್ಮದ ಪಿಎಚ್ ಸುಮಾರು 5, ಸೋಡಾ ದ್ರಾವಣದ್ದು 8ಕ್ಕಿಂತ ತುಸು ಹೆಚ್ಚು. ಪಿಎಚ್‌ನ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು, ಹಾಗಾಗಿ ಆಮ್ಲೀಯತೆಯ ಅಂತರ ಸಾವಿರ ಪಟ್ಟು. ಹಚ್ಚಿದ ಜಾಗ ಕೆಂಪಾಗಿ ಉರಿದರೆ ಸೋಡಾ ಇಲ್ಲದ್ದನ್ನು ಆರಿಸಬೇಕು.

ಇನ್ನು ಹಣ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 2015ರಲ್ಲಿ ಆರಂಭವಾದ, ‘ನೈಸರ್ಗಿಕ’ ಡಿಯೋಡರೆಂಟ್ ಮಾರುವ ನೇಟಿವ್ ಕಂಪನಿಯನ್ನು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಎರಡೇ ವರ್ಷದಲ್ಲಿ 10 ಕೋಟಿ ಡಾಲರ್‌ಗೆ ಕೊಂಡಿತು. ಗ್ರಾಹಕರ ಕಡೆಯ ಲೆಕ್ಕ ಇಷ್ಟು: ದಿನಕ್ಕೆ 1.5 ಗ್ರಾಂನಂತೆ ವರ್ಷಕ್ಕೆ 547 ಗ್ರಾಂ, ಅಂದರೆ 50 ಗ್ರಾಂನ 11 ಡಬ್ಬಿ. ಡಬ್ಬಿಗೆ 200 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 2,200. ‘ನೈಸರ್ಗಿಕ’ದ ಬೆಲೆ 400 ಆದರೆ 4,400. ಎರಡಕ್ಕೂ ಜಿಎಸ್‌ಟಿ ಶೇ 18. 2025ರ ಸೆಪ್ಟೆಂಬರ್ 22ರಂದು ಸೋಪು, ಟಾಲ್ಕಂ ಪೌಡರಿನ ತೆರಿಗೆ ಶೇ 18ರಿಂದ 5ಕ್ಕೆ ಇಳಿದರೂ ಡಿಯೋಡರೆಂಟಿಗೆ ಆ ರಿಯಾಯಿತಿ ಸಿಗಲಿಲ್ಲ. 400 ರೂಪಾಯಿಯ ಡಬ್ಬಿಯಲ್ಲಿ 61 ರೂಪಾಯಿ ತೆರಿಗೆ. ಅದೇ ಬೆಲೆಯ ಸೋಪಿನಲ್ಲಿ 19.