ಟೊಪ್ಪಿ ಮರೆತ ಮಗು, ಬೆತ್ತ ಹಿಡಿದ ಉಸ್ತಾದ್

ಮದ್ರಸದ ಬೆಲ್ ಆದರೂ ಗೇಟಿನ ಹೊರಗೆ ಒಬ್ಬ ಹುಡುಗ ನಿಂತಿದ್ದ. ಟೊಪ್ಪಿ ಮರೆತಿದ್ದ, ಒಳಗೆ ಬಂದರೆ ಪೆಟ್ಟು ಬೀಳುತ್ತದೆಂಬ ಹೆದರಿಕೆ. ಆ ಬೆತ್ತ ನನ್ನದೇ.

ಶಿಸ್ತು ಬೇಕು. ಟೊಪ್ಪಿ, ಮಫ್ತಾ, ಶುದ್ಧ ಬಟ್ಟೆ, ಸಮಯಪಾಲನೆ ಎಲ್ಲವೂ ಬೇಕು. ಆದರೆ ಪ್ರವಾದಿ(ಸ.ಅ.)ಯವರ ಸೇವೆಯಲ್ಲಿ ಹತ್ತು ವರ್ಷ ಇದ್ದ ಅನಸ್(ರ.ಅ.) ಒಮ್ಮೆಯೂ ಅವರಿಂದ ‘ಛೆ’ ಎಂಬ ಮಾತು ಕೇಳಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. 2012ರ ತಿದ್ದುಪಡಿಯಂತೆ ಆ ಕಾಯ್ದೆ ಮದ್ರಸಕ್ಕೆ ಅನ್ವಯಿಸುವುದಿಲ್ಲ, ಸರಿ. ಆದರೆ ಮಗುವಿನ ಬೆನ್ನು ಎರಡು ಕಡೆಯೂ ಒಂದೇ ಅಲ್ವಾ?

ಈಗ ನನ್ನ ಮೇಜಿನಲ್ಲಿ ನಾಲ್ಕು ಟೊಪ್ಪಿ ಇಟ್ಟಿದ್ದೇನೆ. ಮರೆತವರು ತೆಗೆದು ಹಾಕಿಕೊಳ್ಳುತ್ತಾರೆ, ಪಾಠ ತಪ್ಪುವುದಿಲ್ಲ.

ಉಪ್ಪ, ಉಮ್ಮಂದಿರೇ, ‘ಉಸ್ತಾದರಿಗೆ ಹೇಳ್ತೇನೆ’ ಎಂದು ಮಕ್ಕಳನ್ನು ಹೆದರಿಸಬೇಡಿ. ರಾತ್ರಿಯೇ ಕಿತಾಬಿನ ಜೊತೆ ಟೊಪ್ಪಿ ಎತ್ತಿಡಲು ಕಲಿಸಿ.